ಕಲ್ಲಿನ ಹಿಟ್ಟು

ದೇವನಹಳ್ಳಿ ಹತ್ತಿರ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಹೋದ ತಿಂಗಳು ತೋರಿಸಲು ಕರೆದುಕೊಂಡು ಹೋಗಿದ್ದ. ಗಿಲಾವು ಮುಗಿದಿತ್ತು, ಕಿಟಕಿಗಳಿಗೆ ಇನ್ನೂ ಗಾಜು ಕೂರಿಸಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಮೂಗಿಗೆ ಬಡಿಯಿತು. ಬೆಂಕಿಕಡ್ಡಿ ಗೀರಿದಾಗ ಬರುತ್ತದಲ್ಲ, ಅದಕ್ಕೆ ಹತ್ತಿರದ್ದು, ಆದರೆ ಅದಕ್ಕಿಂತ ಒಣಕಲು. ಅಡುಗೆಮನೆಯೊಳಗೆ ಒಬ್ಬ ಕುಕ್ಕರಗಾಲಲ್ಲಿ ಕೂತು ಗ್ರಾನೈಟ್ ಕುಯ್ಯುತ್ತಿದ್ದ. ಮುಖಕ್ಕೆ ಕರವಸ್ತ್ರ ಕಟ್ಟಿದ್ದ, ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. "ಸಿಂಕ್ ಎಲ್ಲಿಗೆ ಬರ್ಬೇಕು ಹೇಳಕ್ಕಾ" ಅಂತ ತಮ್ಮ ಕೇಳುತ್ತಿದ್ದ. ನಾನು ಕೈ ಎತ್ತಿ ಮಷೀನ್ ನಿಲ್ಲಿಸಿ, "ನೀರು ಹಾಕ್ಕೊಂಡು ಕುಯ್ಯಪ್ಪ" ಅಂದೆ. ಅವನು ಕರವಸ್ತ್ರ ಕೆಳಗೆಳೆದು, "ನೀರ್ ಹಾಕಿದ್ರೆ ಗೆರೆ ಕಾಣಲ್ಲ ಮೇಡಂ" ಅಂತ ನಕ್ಕ.

ನಾನು ಹೊರಗೆ ಬಂದು ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟೆ. ಏನಾಯ್ತು ಅಂತ ತಮ್ಮ ಕೇಳಿದ. ಒಂದು ಚಳಿಗಾಲದ ಕಥೆ ಅಂತಷ್ಟೇ ಹೇಳಲು ಸಾಧ್ಯವಾಯಿತು. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಓದು ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಗೆ ಬಂದ ವರ್ಷ ಅದು. ನಲ್ಲೂರಿನ ಹುಣಸೆ ತೋಪು ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಹಳ್ಳಿಯೊಂದರಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆ. ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗಿ ಸಂಜೆ ವಾಪಸಾಗುತ್ತಿದ್ದೆ. ಕೊರೋನಾ ಮುಗಿದು ಕೆಲ ಕಾಲವಾಗಿತ್ತು. ಅದು ಬಿಟ್ಟುಹೋದ ಆಕ್ಸಿಜನ್ ಯಂತ್ರಗಳು ಸ್ಟೋರ್ ರೂಮಿನಲ್ಲಿ ಹಳೇ ಬೆಡ್‌ಶೀಟ್ ಹೊದ್ದು ಕೂತಿದ್ದವು. ಜೊತೆಗಿದ್ದವರು ಸಿಸ್ಟರ್ ಗೌರಮ್ಮ. ರಿಟೈರ್‌ಮೆಂಟ್‌ಗೆ ಹತ್ತಿರವಾಗಿದ್ದ, ಯಾವುದಕ್ಕೂ ಗಾಬರಿಯಾಗದ, ಮಧ್ಯಾಹ್ನದ ಊಟದಲ್ಲಿ ಅರ್ಧವನ್ನು ನನ್ನ ತಟ್ಟೆಗೆ ಹಾಕುತ್ತಿದ್ದ ಹೆಂಗಸು.

ಅವರೆಕಾಯಿ ಸೊಗಡು ಹಿಡಿಯುವ ಹೊತ್ತಿಗೆ ನಮ್ಮಲ್ಲಿ ಉಸಿರಿನ ರೋಗಿಗಳ ಸಾಲು ಶುರುವಾಗುತ್ತಿತ್ತು. ಬೆಳಿಗ್ಗೆ ಒಂಬತ್ತಾದರೂ ಮಂಜು ಬಿಡುತ್ತಿರಲಿಲ್ಲ. ಟಾರ್ ರಸ್ತೆಯ ಮೇಲೆಲ್ಲ ರಾಗಿ ತೆನೆ ಹರಡಿ, ಅದರ ಮೇಲೆ ಕಾರು ಬಸ್ಸು ಓಡಿ, ಹೊಟ್ಟಿನ ಸುಂಕು ಎದ್ದು ಗಾಳಿಯೆಲ್ಲ ಕಡಿಯುತ್ತಿತ್ತು. ಗೂರಲು ಇದ್ದ ಅಜ್ಜಿಯರು, ಬೀಡಿಯ ತಾತಂದಿರು, ಎದೆ ಸುಯ್ಗುಟ್ಟುವ ಮಕ್ಕಳು. ಅವರನ್ನು ನೋಡುವುದಕ್ಕೆ ನನಗೊಂದು ಕ್ರಮ ರೂಢಿಯಾಗಿತ್ತು. ಸ್ಟೆಥಸ್ಕೋಪ್ ಮುಟ್ಟುವ ಮೊದಲು ಮಾತಾಡಿಸುವುದು. "ಏನಜ್ಜಿ, ಯಾವೂರು?" ಅಂದರೆ ಊರು, ಸೊಸೆ, ಹಸು ಎಲ್ಲ ಒಂದೇ ಉಸಿರಿಗೆ ಹೇಳಿದರೆ ಅವಸರವಿಲ್ಲ. ಅರ್ಧ ಮಾತಿಗೆ ನಿಂತು ಉಸಿರೆಳೆದರೆ ಬೇಗ ಮಂಚಕ್ಕೆ. ಒಂದೊಂದೇ ಪದ ಬಂದರೆ ಗೌರಮ್ಮ ಆಗಲೇ ಆಕ್ಸಿಜನ್ ತಿರುಗಿಸುತ್ತಿದ್ದರು. ಆಮೇಲೆ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು, ತುಟಿಯ ಬಣ್ಣ, ಕುತ್ತಿಗೆಯ ಸ್ನಾಯು ಎಳೆಯುತ್ತಿದೆಯೇ, ಎದೆಯ ಎರಡೂ ಕಡೆ ಒಂದೇ ಸಮ ಏಳುತ್ತಿದೆಯೇ.

ಹೇಳಲು ಸಂಕೋಚವಿಲ್ಲ, ನನಗೆ ಆ ರೋಗಿಗಳನ್ನು ಕಂಡರೆ ಇಷ್ಟ. ಸಕ್ಕರೆ ಕಾಯಿಲೆಯವರು ವರ್ಷಗಟ್ಟಲೆ ಬಂದರೂ ವಾಸಿಯಾಗುವುದಿಲ್ಲ. ಉಸಿರು ಕಟ್ಟಿ ಬಂದವರು ಹಾಗಲ್ಲ. ಮಾಸ್ಕಿನಲ್ಲಿ ಔಷಧಿಯ ಹೊಗೆ ಕೊಟ್ಟು, ಒಂದು ಇಂಜೆಕ್ಷನ್ ಹಾಕಿದರೆ ಕಣ್ಣೆದುರೇ ಮುಖದ ಬಣ್ಣ ತಿರುಗುತ್ತದೆ. ಸಾಯುತ್ತೇನೆ ಅಂತ ಬಂದವರು ಸ್ವಲ್ಪ ಹೊತ್ತಿಗೆ ಕಾಫಿ ಕೇಳುತ್ತಾರೆ. ಹೊಸ ಡಾಕ್ಟರಿಗೆ ಅದಕ್ಕಿಂತ ಇನ್ನೇನು ಬೇಕು?

ಪಿಳ್ಳಪ್ಪ ಬಂದದ್ದು ಹಾಗೆಯೇ. ಅವರು ಕಲ್ಲು ಕೆಲಸದವರು. ಒರಳು, ಬೀಸುವ ಕಲ್ಲು, ಚಪ್ಪಡಿ, ಬೇಲಿಗೆ ನೆಡುವ ಕೂಚ, ಎಲ್ಲವನ್ನೂ ಉಳಿಯಿಂದ ಬಡಿದು ಬಡಿದು ಅರವತ್ತು ದಾಟಿದವರು. ಕಫ ಕಟ್ಟಿ, ಜ್ವರ ಬಂದು, ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅವರನ್ನು ಬೈಕಿನಿಂದ ಮಗುವಿನಂತೆ ಎತ್ತಿಕೊಂಡು ಒಳಗೆ ತಂದವನು ಅಳಿಯ ಮುನಿರಾಜು. ಮೂವತ್ತರ ಆಸುಪಾಸು, ಉದ್ದ ಆಳು, ಕಾಲರ್ ಎಲುಬು ಎದ್ದು ಕಾಣುವಷ್ಟು ಸಣಕಲು. ಮಾವನಿಗೆ ಉಸಿರು ಸಲೀಸಾದದ್ದನ್ನು ನೋಡಿ, "ಏನ್ ಮೇಡಂ, ನಮ್ಮಾವನ್ಗೆ ಗಾಳಿ ಹಾಕ್ಬಿಟ್ರಿ, ಟೈರ್‌ಗೆ ಹಾಕ್ದಂಗೆ!" ಅಂದ. ಗೌರಮ್ಮನೂ ನಕ್ಕರು.

ನಾನು ನಗುತ್ತಾ ಅವನನ್ನು ನೋಡಿದೆ. ಮಾವನನ್ನು ಮಲಗಿಸಿ ಎಷ್ಟೋ ಹೊತ್ತಾಗಿದ್ದರೂ ಅವನು ಬಾಗಿಲ ಚೌಕಟ್ಟು ಹಿಡಿದೇ ನಿಂತಿದ್ದ. ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು.

"ನಿಂಗೇನಪ್ಪಾ? ಕೆಮ್ಮು ಎಷ್ಟು ದಿನದಿಂದ?"

"ಧೂಳು ಮೇಡಂ. ನಮ್ದು ಗ್ರಾನೈಟ್ ಕಟಿಂಗು. ಅಡುಗೆಮನೆ ಸ್ಲ್ಯಾಬು, ಮೆಟ್ಲು. ಎಲ್ರಿಗೂ ಇರ್ತದೆ."

ಎದೆಯ ಎಕ್ಸ್‌ರೇ ತೆಗೆಸು ಅಂತ ಚೀಟಿ ಬರೆದುಕೊಟ್ಟೆ. "ಸಂಕ್ರಾಂತಿ ಆಗ್ಲಿ ಮೇಡಂ. ಹಬ್ಬ ಆದ್ಮೇಲೆ ಸಾಲಾಗಿ ಗೃಹಪ್ರವೇಶ ಅವೆ, ಈಗ ಬಿಟ್ರೆ ಕೆಲ್ಸ ಬೇರೆಯವ್ರ ಕೈಗೆ ಹೋಗ್ತದೆ" ಅಂದ. ಆಮೇಲೆ ಎರಡು ಸಲ ಅವನ ಹೆಂಡತಿ ಶೋಭಾಳಿಗೂ ಹೇಳಿ ಕಳಿಸಿದೆ. ಹಬ್ಬ ಆಗಲಿ ಅಂತಲೇ ಉತ್ತರ ಬಂತು.

ಹಬ್ಬಕ್ಕೆ ಮೊದಲೇ ಬಂದ. ಒಂದು ಬೆಳಿಗ್ಗೆ, ಮಂಜು ಹರಿದು ಬಿಸಿಲು ಬಿದ್ದಿದ್ದ ಹೊತ್ತಿಗೆ, ಒಂದು ಲಗೇಜ್ ಆಟೋ ಹಾರನ್ ಹೊಡೆಯುತ್ತಾ ಆಸ್ಪತ್ರೆ ಅಂಗಳಕ್ಕೆ ನುಗ್ಗಿತು. ಹಿಂದೆ ಗ್ರಾನೈಟ್ ತುಂಡುಗಳ ನಡುವೆ ಮುನಿರಾಜು ಎರಡೂ ಕೈಯನ್ನು ಮಂಡಿಗೆ ಊರಿಕೊಂಡು ಕೂತಿದ್ದ. ಮೈಯೆಲ್ಲ ಬಿಳಿ ಪುಡಿ, ಅದರ ಮೇಲೆ ಬೆವರು ಗೆರೆ ಎಳೆದಿತ್ತು. ತುಟಿ ನೇರಳೆ. ಸ್ಲ್ಯಾಬ್ ಎತ್ತುವಾಗ ಎದೆಯೊಳಗೆ ಏನೋ ಪಟ್ ಅಂತು, ಅಲ್ಲಿಂದ ಹೀಗೆ ಅಂತ ಜೊತೆಯವನು ಹೇಳಿದ.

"ಮುನಿರಾಜು, ಎಲ್ಲಿ ನೋವು?"

"ಎಡ..." ಅಂದ. ಅಷ್ಟೇ.

ಎದೆಯ ಬಲಭಾಗ ಏಳುತ್ತಿತ್ತು, ಎಡಭಾಗ ಅಲುಗುತ್ತಿರಲಿಲ್ಲ. ಸ್ಟೆಥಸ್ಕೋಪ್ ಇಟ್ಟೆ. ಬಲಕ್ಕೆ ಕರಕರ ಶಬ್ದ, ಎಡಕ್ಕೆ ಏನೂ ಇಲ್ಲ. ಬೆರಳಿಂದ ತಟ್ಟಿದೆ, ಖಾಲಿ ಡಬ್ಬದ ಹಾಗೆ ಸದ್ದು ಬಂತು. ಗಂಟಲ ಗುಂಡಿಗೆ ಬೆರಳಿಟ್ಟರೆ ಶ್ವಾಸನಾಳ ನಡುವೆ ಇರಲಿಲ್ಲ, ಬಲಕ್ಕೆ ತಳ್ಳಲ್ಪಟ್ಟಿತ್ತು. ಎಡ ಶ್ವಾಸಕೋಶ ಒಡೆದು, ಗಾಳಿ ಎದೆಗೂಡಿನೊಳಗೆ ಸೋರಿ, ಹೊರಬರಲು ದಾರಿಯಿಲ್ಲದೆ ಒಳಗಿದ್ದದ್ದನ್ನೆಲ್ಲ ಅದುಮುತ್ತಿತ್ತು, ಹೃದಯವನ್ನೂ. ಎಕ್ಸ್‌ರೇ ಇರುವುದು ದೇವನಹಳ್ಳಿಯಲ್ಲಿ. ಅಲ್ಲಿಯತನಕ ಇವನು ಇರುವುದಿಲ್ಲ ಅಂತ ನನಗೆ ಗೊತ್ತಾಯಿತು. ಕಾಲೇಜಿನಲ್ಲಿ ಬೇರೆಯವರು ಮಾಡುವುದನ್ನು ನೋಡಿದ್ದೆ. ನನ್ನ ಕೈಯಾರೆ ಮಾಡಿರಲಿಲ್ಲ.

"ಸಿಸ್ಟರ್, ಇರೋದ್ರಲ್ಲಿ ದಪ್ಪ ಸೂಜಿ ಕೊಡಿ."

ಕಾಲರ್ ಎಲುಬಿನ ಕೆಳಗೆ, ಪಕ್ಕೆಲುಬುಗಳ ಸಂದಿಯಲ್ಲಿ ಸೂಜಿ ಇಳಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ. ಸುಯ್ ಅಂತ ಗಾಳಿ ಹೊರಬಂತು, ನನ್ನ ಮಣಿಕಟ್ಟಿಗೆ ತಾಗುವ ಹಾಗೆ. ಮುನಿರಾಜು ಕಣ್ಣು ಅಗಲಿಸಿ, ನೀರೊಳಗಿಂದ ಮೇಲೆದ್ದವನಂತೆ ಉಸಿರೆಳೆದ. ಇನ್ನೊಂದು ಎಳೆದ. ನೇರಳೆ ಬಣ್ಣ ತುಟಿಯಿಂದ ಇಳಿದುಹೋಗುವುದನ್ನು ನಾವೆಲ್ಲ ನಿಂತು ನೋಡಿದೆವು. ಅವನ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಇದು: "ಈಗ ಪಂಚರ್ ಹಾಕಿದ್ರಾ ಮೇಡಂ, ಮಾಡಿದ್ರಾ?"

ನಾನು ಗೋಡೆಗೆ ತಿರುಗಿ ಅತ್ತೆ. ಸಂತೋಷಕ್ಕೆ.

ಆಂಬುಲೆನ್ಸಿನಲ್ಲಿ ನಾನೇ ಜೊತೆಗೆ ಹೋದೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎದೆಗೆ ನಳಿಕೆ ಹಾಕಿದರು. ಅಲ್ಲಿನ ಹಿರಿಯ ಡಾಕ್ಟರು, "ಸೂಜಿ ಹಾಕಿದ್ದು ನೀನೇನಮ್ಮ? ಚೆನ್ನಾಗಿ ಮಾಡಿದೀಯ" ಅಂದರು. ಆಮೇಲೆ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು. "ಆದ್ರೆ ಇದನ್ನ ನೋಡು."

ಶ್ವಾಸಕೋಶ ಎಕ್ಸ್‌ರೇಯಲ್ಲಿ ಕಪ್ಪಗಿರಬೇಕು, ಗಾಳಿ ತುಂಬಿರುತ್ತದೆ. ಇವನದ್ದು ಎರಡೂ ಕಡೆ, ಕಪ್ಪು ಹಲಗೆಯ ಮೇಲೆ ರಂಗೋಲಿ ಪುಡಿ ಎರಚಿದ ಹಾಗಿತ್ತು. ಮೇಲ್ಭಾಗದಲ್ಲಿ ಪುಡಿ ಸೇರಿ ಗಡ್ಡೆಯಾಗಿತ್ತು. ಕ್ಷಯ ಇರಬಹುದೇ ಅಂತ ಆಸೆಯಿಂದ ಕೇಳಿದೆ. ಕ್ಷಯಕ್ಕೆ ಆಸೆಪಟ್ಟದ್ದು ಅದೇ ಮೊದಲು, ಅದಕ್ಕೆ ಮಾತ್ರೆ ಇದೆ. ಕಫ ಪರೀಕ್ಷೆಯಲ್ಲಿ ಕ್ಷಯ ಸಿಗಲಿಲ್ಲ. ಕಲ್ಲಿನ ಧೂಳು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಕೆಲಸ ಬಿಟ್ಟರೂ ಗಾಯ ಬೆಳೆಯುವುದು ನಿಲ್ಲುವುದಿಲ್ಲ. ಬೇರೆಯವರ ಶ್ವಾಸಕೋಶ ಕಸಿ ಮಾಡುವ ಮಾತನ್ನು ಡಾಕ್ಟರು ಒಮ್ಮೆ ಎತ್ತಿ, ನನ್ನ ಮುಖ ನೋಡಿ, ಅಲ್ಲಿಗೇ ಬಿಟ್ಟರು. "ಆಕ್ಸಿಜನ್ ಕೊಡು. ಸೋಂಕಾದ್ರೆ ಔಷಧಿ ಕೊಡು. ಇನ್ನೇನಿಲ್ಲ."

ನಳಿಕೆ ತೆಗೆದು ಊರಿಗೆ ಕಳಿಸಿದಾಗ ಮುನಿರಾಜು ನಡೆದೇ ಆಸ್ಪತ್ರೆಗೆ ಬಂದ. ಶೋಭಾ ಅವರೆಕಾಯಿ ಚೀಲ ತಂದಳು. ಪಿಳ್ಳಪ್ಪ ಹೊಸ ಟವಲ್ ಹೆಗಲಿಗೆ ಹಾಕಿಕೊಂಡು ಬಂದು ಕೈ ಮುಗಿದು, "ನನ್ ಮಗಳ ತಾಳಿ ಉಳ್ಸಿದ್ರಿ ತಾಯಿ" ಅಂದರು. ನಾನು ಅವರನ್ನು ಹಿಂದಿನ ವರಾಂಡದಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದೆ. ಮುನಿರಾಜು ತಲೆ ಬಗ್ಗಿಸಿ ಉಗುರಿನ ಸಂದಿಯ ಪುಡಿ ಕೆರೆಯುತ್ತಿದ್ದ. ಶೋಭಾ ನನ್ನನ್ನೇ ನೋಡುತ್ತಿದ್ದಳು, ನಾನು ಮಾತು ಮುಗಿಸಿದ ಮೇಲೆ "ಆದರೂ" ಅಂತ ಇನ್ನೇನಾದರೂ ಹೇಳುತ್ತೇನೆ ಅಂತ ಕಾಯುತ್ತಾ.

ಪಿಳ್ಳಪ್ಪ ಒಪ್ಪಲಿಲ್ಲ. "ಅದೆಂಗಾಯ್ತದೆ ಡಾಕ್ಟ್ರಮ್ಮ? ನಾನು ಹುಡ್ಗಾಗಿದ್ದಾಗ್ನಿಂದ ಕಲ್ಲು ಹೊಡ್ದೋನು. ನಂಗೆ ಬರೀ ಕೆಮ್ಮು. ಇವ್ನು ಮಷೀನ್ ಹಿಡ್ದು ಹತ್ತು ವರ್ಸಾನೂ ಆಗಿಲ್ಲ."

"ನೀವು ಹೊಡೆದದ್ದು ಬಯಲಲ್ಲಿ, ಮರದ ಕೆಳಗೆ. ಚಕ್ಕೆ ಏಳ್ತಿತ್ತು, ಗಾಳಿ ಹೊತ್ಕೊಂಡು ಹೋಗ್ತಿತ್ತು. ಇವ್ರ ಮಷೀನು ಕಲ್ಲನ್ನ ಹಿಟ್ಟು ಮಾಡುತ್ತೆ. ಬಾಗ್ಲು ಹಾಕಿರೋ ಮನೇಲಿ ಆ ಹಿಟ್ಟನ್ನ ದಿನಪೂರ್ತಿ ಉಸಿರಾಡ್ತಾರೆ."

"ತೊಳ್ಯಕ್ಕಾಗಲ್ವಾ?"

"ಮೇಲೆ ಕೂತಿಲ್ಲಪ್ಪ. ಒಳಗೆ ಬೆಸೆದುಕೊಂಡಿದೆ."

ಅವರು ಹೆಗಲ ಟವಲ್ ತೆಗೆದು ಮಡಿಸುತ್ತಾ, "ಕಲ್ಲು ಕೆಲ್ಸ ಬಲ್ಲೋನು, ಕೈ ಕೆಲ್ಸ ಇರೋನು ಉಪ್ವಾಸ ಕೆಡವಲ್ಲ ಅಂತ ನಾನೇ ಹುಡುಕ್ಕೊಂಡು ಹೋಗಿ ಹೆಣ್ ಕೊಟ್ಟೆ" ಅಂದರು. ಮಗಳ ಕಡೆ ನೋಡಲಿಲ್ಲ.

ಹಬ್ಬವಾದ ಮೇಲೆ ಚಳಿ ಇಳಿಯಿತು, ಮುನಿರಾಜು ಚೇತರಿಸಿಕೊಳ್ಳಲಿಲ್ಲ. ಮೊದಲು ಬೈಕು ಬಿಟ್ಟ. ಆಮೇಲೆ ಬಚ್ಚಲಿಗೆ ಹೋಗಿಬರುವುದೇ ಒಂದು ಪ್ರಯಾಣವಾಯಿತು. ಸ್ಟೋರ್ ರೂಮಿನ ಒಂದು ಆಕ್ಸಿಜನ್ ಯಂತ್ರವನ್ನು ಸಹಿ ಹಾಕಿಸಿ ಅವರ ಮನೆಗೆ ಕೊಟ್ಟೆವು. ಕರೆಂಟ್ ಹೋದಾಗ ಶೋಭಾ ಯುಪಿಎಸ್ ಇದ್ದ ಪಕ್ಕದ ಲೇಔಟಿನ ಮನೆಗಳಿಂದ ವೈರ್ ಎಳೆದುಕೊಳ್ಳುತ್ತಿದ್ದಳು. ಆ ಮನೆಗಳ ಅಡುಗೆಮನೆ ಸ್ಲ್ಯಾಬುಗಳನ್ನು ಕುಯ್ದವನು ಅವನೇ.

ಒಂದು ಸಂಜೆ ಡ್ಯೂಟಿ ಮುಗಿಸಿ ನೋಡಲು ಹೋಗಿದ್ದೆ. ಉಸಿರಿನ ವ್ಯಾಯಾಮಕ್ಕೆ ಬೆಂಗಳೂರಿನಲ್ಲಿ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟಿದ್ದರು. ಮೂರು ಕೊಳವೆ, ಒಂದೊಂದರಲ್ಲಿ ಒಂದೊಂದು ಚೆಂಡು. ಉಸಿರು ಎಳೆದರೆ ಚೆಂಡು ಮೇಲೇರಬೇಕು. ಅವನು ಎಷ್ಟೆಳೆದರೂ ಮೊದಲನೆಯದು ಅಲುಗಿ ಕೂರುತ್ತಿತ್ತು. ನಾನು ಹೋದಾಗ ಅವನ ನಾಲ್ಕು ವರ್ಷದ ಮಗಳು ಹರ್ಷಿತಾ ಅದನ್ನು ಬಾಯಿಗಿಟ್ಟುಕೊಂಡು ಮೂರೂ ಚೆಂಡುಗಳನ್ನು ಒಂದೇ ಸಲಕ್ಕೆ ಮೇಲಕ್ಕೆ ಹಾರಿಸಿ, "ಅಪ್ಪಾ, ನಾನ್ ಗೆದ್ದೆ!" ಅಂತ ಕೇಕೆ ಹಾಕುತ್ತಿದ್ದಳು. ಶೋಭಾ ಒಳಗಿನಿಂದ ಓಡಿಬಂದು ಕಿತ್ತುಕೊಂಡಳು. ಮಗು ಅತ್ತಿತು. "ಕೊಡೇ ಅವಳ್ಗೆ" ಅಂದ ಮುನಿರಾಜು. ನಿಂತು ಉಸಿರೆಳೆದು, "ಆಡ್ಲಿ" ಅಂದ.

ಧೂಳೇಳದ ಹಾಗೆ ನೀರು ಹಾಕಿ ಕುಯ್ಯಿರಿ ಅಂತ ತನ್ನ ಜೊತೆಯವರಿಗೆ ಹೇಳಬೇಕೆಂಬ ಹಟ ಅವನಿಗೆ ಹುಟ್ಟಿತ್ತು. ನಾನು ಹೆದ್ದಾರಿ ಬದಿಯ ಗ್ರಾನೈಟ್ ಅಂಗಡಿಗಳಿಗೆ ಹೋಗಿ ಮಾತಾಡಿ ಬಂದಿದ್ದೆ. ಮಾಲೀಕರು ಎಳನೀರು ಕೊಟ್ಟು, ಎಲ್ಲದಕ್ಕೂ ಹೂಂ ಅಂದು ಕಳಿಸಿದ್ದರು. "ನೀವ್ ಹೇಳಿದ್ರೆ... ಕೇಳಲ್ಲ ಮೇಡಂ. ನಾನ್ ಹೇಳ್ತೀನಿ. ನನ್ ಹುಡುಗ್ರು" ಅಂದ. ಒಂದು ಬೆಳಿಗ್ಗೆ ಸಣ್ಣ ಸಿಲಿಂಡರ್ ತೊಡೆಯ ನಡುವೆ ಇಟ್ಟುಕೊಂಡು ಆಟೋದಲ್ಲಿ ನನ್ನ ಜೊತೆ ಬಂದ. ಶೆಡ್ಡಿನೊಳಗೆ ನಾಲ್ಕೈದು ಮಷೀನುಗಳು ಓಡುತ್ತಿದ್ದವು. ಅವನು ಆಟೋದಲ್ಲೇ ಕೂತು, "ಲೋ... ನೀರು... ಹಾಕ್ರೋ" ಅಂದ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಬಾಯಿ ತೆರೆದ, ಕೆಮ್ಮು ಬಂತು. ನಾನು ಇಳಿದುಹೋಗಿ ಮಷೀನುಗಳನ್ನು ನಿಲ್ಲಿಸಿದೆ. ಹುಡುಗರು ಬಂದು ಸುತ್ತ ನಿಂತರು. ಅವನ ಮೂಗಿನ ನಳಿಕೆ ನೋಡಿದವರು ಕಣ್ಣು ಕೆಳಗೆ ಹಾಕಿದರು. ಒಬ್ಬ, "ಬೇಗ ಹುಷಾರಾಗು ಗುರು, ನೀನಿಲ್ದೆ ಮೂಲೆ ಕಟಿಂಗ್ ಯಾರಿಗೂ ಬರಲ್ಲ" ಅಂದ. ಆಟೋ ತಿರುಗಿ ರಸ್ತೆಗೆ ಹತ್ತುವಷ್ಟರಲ್ಲಿ ಮಷೀನುಗಳು ಮತ್ತೆ ಶುರುವಾಗಿದ್ದವು.

ಆ ವರ್ಷದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅವನ ನಂಬಿಕೆ. ಉಸಿರು ಕಟ್ಟಿದಾಗಲೆಲ್ಲ ಅವನು ಬೇರೆಲ್ಲಿಗೂ ಹೋಗಲು ಒಪ್ಪುತ್ತಿರಲಿಲ್ಲ, ನನ್ನ ಹತ್ತಿರವೇ ಬರುತ್ತಿದ್ದ. ಮಂಚದ ಮೇಲೆ ಕೂರಿಸುವ ಮೊದಲೇ ಅಂಗಿಯ ಗುಂಡಿ ಬಿಚ್ಚಿ, ಕಾಲರ್ ಎಲುಬಿನ ಕೆಳಗಿನ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಿದ್ದ. "ಇಲ್ಲಿ ಮೇಡಂ... ಆ ಸೂಜಿ." ನಾನು ಸ್ಟೆಥಸ್ಕೋಪಿನಿಂದ ಕೇಳುತ್ತಿದ್ದೆ. ಎಡಕ್ಕೆ ಇಟ್ಟು ಕೇಳಿ, ಬಲಕ್ಕೆ ಇಟ್ಟು ಕೇಳಿ, ಮತ್ತೆ ಎಡಕ್ಕೆ. ಎರಡೂ ಕಡೆ ಅದೇ ಕರಕರ. ಒಂದು ಕಡೆಯಾದರೂ ನಿಶ್ಶಬ್ದವಾಗಿರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಶ್ವಾಸಕೋಶ ಒಡೆದಿರಲಿ, ಪ್ರಾಣಕ್ಕೇ ಬಂದಿರಲಿ, ಅದಕ್ಕಾದರೆ ನನ್ನ ಕೈಯಲ್ಲಿ ಏನೋ ಇದೆ. ಡಾಕ್ಟರಾದವಳು ರೋಗಿಯ ಎದೆಗೆ ಕಿವಿಗೊಟ್ಟು ಅಂಥದ್ದನ್ನು ಬಯಸುವುದು ಎಷ್ಟು ವಿಚಿತ್ರ ಅಂತ ಆಗಲೂ ಅನ್ನಿಸುತ್ತಿತ್ತು. ಆದರೂ ಬಯಸುತ್ತಿದ್ದೆ.

"ಇವತ್ತು ಸೂಜಿ ಬೇಡ ಮುನಿರಾಜು" ಅನ್ನುತ್ತಿದ್ದೆ. ಅವನು ಗುಂಡಿ ಹಾಕಿಕೊಳ್ಳುತ್ತಿದ್ದ. ಒಮ್ಮೆಯೂ ಯಾಕೆ ಅಂತ ಕೇಳಲಿಲ್ಲ.

ನಲ್ಲೂರಿನ ಕಡೆ ಹುಣಸೆಹಣ್ಣು ಬಡಿಯುವ ಕಾಲ ಬಂತು. ಬಿಸಿಲು ಏರಿತು. ರಾಗಿಯ ಸುಂಕು, ಮಂಜು ಎಲ್ಲ ಹೋಗಿ ಗೂರಲಿನ ಅಜ್ಜಿಯರು ಆಸ್ಪತ್ರೆಗೆ ಬರುವುದೇ ನಿಂತಿತು. ಒಂದು ಮಧ್ಯಾಹ್ನ ಮುನಿರಾಜುವನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದರು. ಆ ದಿನ ಅವನು ಗುಂಡಿ ಬಿಚ್ಚಲಿಲ್ಲ, ಕೈ ಮೇಲೇಳಲಿಲ್ಲ. ಆಕ್ಸಿಜನ್ ಪೂರ್ತಿ ತಿರುಗಿಸಿದರೂ ಬೆರಳಿನ ಕ್ಲಿಪ್ಪಿನ ಅಂಕಿ ಇಳಿಯುತ್ತಲೇ ಇತ್ತು. ಆಂಬುಲೆನ್ಸ್ ಕರೆಸಲೇ ಅಂತ ಶೋಭಾಳನ್ನು ಕೇಳಿದೆ. ಅವಳು ಗಂಡನನ್ನು ನೋಡಿದಳು. ಅವನು ತಲೆಯನ್ನು ಸ್ವಲ್ಪವೇ ಅಡ್ಡಡ್ಡ ಆಡಿಸಿದ. ದೊಡ್ಡಾಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿಯೂ ಇದಕ್ಕಿಂತ ಹೆಚ್ಚೇನೂ ಮಾಡಲಾಗದು, ಸಂಕಟ ಕಡಿಮೆ ಮಾಡು ಅಂದರು. ಅದಕ್ಕೆಂದೇ ತರಿಸಿಟ್ಟಿದ್ದ ಇಂಜೆಕ್ಷನ್ನನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟೆ. ಕಣ್ಣಿನ ಭಯ ಸ್ವಲ್ಪ ಇಳಿಯಿತು.

ಗೌರಮ್ಮ ಸಲೈನ್ ಡಬ್ಬದ ರಟ್ಟೊಂದನ್ನು ಹರಿದು ಅವನ ಮುಖಕ್ಕೆ ಗಾಳಿ ಬೀಸತೊಡಗಿದರು. ಕೆನ್ನೆಗೆ ಗಾಳಿ ತಾಗಿದರೆ ಉಸಿರಿಗೆ ಹಸಿದವರಿಗೆ ಕೊಂಚ ಹಾಯೆನಿಸುತ್ತದೆ. ಪಿಳ್ಳಪ್ಪ ಒಂದು ಮೂಲೆಯಲ್ಲಿ ನಿಂತಿದ್ದವರು ಮುಂದೆ ಬಂದು, "ಕೊಡವ್ವಾ" ಅಂತ ರಟ್ಟು ಇಸಿದುಕೊಂಡರು. ಸ್ಟೂಲ್ ಎಳೆದುಕೊಂಡು ಅಳಿಯನ ಎದುರಿಗೆ ಕೂತರು. ಉಳಿ ಹಿಡಿದು ಗಟ್ಟಿಯಾದ ಕೈ. ಒಂದೇ ಹದ, ಜೋರೂ ಇಲ್ಲ, ನಿಧಾನವೂ ಇಲ್ಲ. ಮುನಿರಾಜು ಆ ಗಾಳಿಗೆ ಮುಖ ಒಡ್ಡಿಕೊಂಡು ಶೋಭಾಳ ಭುಜಕ್ಕೆ ಒರಗಿದ. ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹೊರಗೆ ಯಾರೋ ಲಸಿಕೆಗೆ ತಂದ ಮಗು ಅಳುತ್ತಿತ್ತು. ಉಸಿರು ದೂರ ದೂರವಾಗುತ್ತಾ ಹೋಯಿತು. ಒಂದು ಬಂದ ಮೇಲೆ ಇನ್ನೊಂದಕ್ಕಾಗಿ ನಾವೆಲ್ಲ ಕಾಯುತ್ತಿದ್ದೆವು. ಒಂದು ಸಲ ಕಾದೆವು, ಬರಲಿಲ್ಲ.

ನಾನು ಎದೆಯ ಮೇಲೆ ಸ್ಟೆಥಸ್ಕೋಪ್ ಇಟ್ಟೆ. ಎಡಕ್ಕೆ, ಬಲಕ್ಕೆ. ಎರಡೂ ಕಡೆ ಮೌನ. ಗೌರಮ್ಮ ನನ್ನ ಮುಖ ನೋಡಿ ಆಕ್ಸಿಜನ್ ನಿಲ್ಲಿಸಿದರು. ಪಿಳ್ಳಪ್ಪ ಬೀಸುತ್ತಲೇ ಇದ್ದರು. ನಿಲ್ಲಿಸಿ ಅಂತ ಹೇಳಬೇಕಾದವಳು ನಾನು. ಆ ಗಾಳಿಗೆ ಮುನಿರಾಜುವಿನ ಹಣೆಯ ಕೂದಲು ಹಾರಿ ಹಾರಿ ಕೂರುತ್ತಿತ್ತು.

ಕೊನೆಗೆ ಶೋಭಾ, ಗಂಡನ ತಲೆಯನ್ನು ಭುಜದಿಂದ ಇಳಿಸದೆಯೇ, "ಅಪ್ಪಾ, ಸಾಕು ಬಿಡಪ್ಪಾ" ಅಂದಳು. ಅವಳ ಮುಖದ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಪಿಳ್ಳಪ್ಪ ಒಂದು ಗಳಿಗೆ ಕೈ ನಿಲ್ಲಿಸಿದರು. ರಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ ಅದನ್ನು ಮಗಳ ಮುಖದ ಕಡೆಗೆ ತಿರುಗಿಸಿ, ಮೊದಲಿನ ಹದದಲ್ಲೇ ಬೀಸತೊಡಗಿದರು.